ಹೊಸ ಮನೆಗೆ ವಿಮೆ: ಮೊದಲ ಸಲ ಮನೆ ಕೊಳ್ಳುವವರೊಡನೆ ನಾಲ್ಕು ಮಾತು



ಬೀಜ, ಗೊಬ್ಬರ, ಕೀಟಗಳ ಮಾತನ್ನು ಈ ಹೊತ್ತು ಬದಿಗಿಟ್ಟು ಮನೆಯ ಮಾತು ಆಡಬೇಕೆಂದು ಬಂದಿದ್ದೇನೆ. ಕೃಷಿ ಇಲಾಖೆಯವನಿಗೆ ಮನೆಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಅದು ಬಂದದ್ದು ಹೀಗೆ. ಕಳೆದ ಮುಂಗಾರಿನಲ್ಲಿ ದೇವದುರ್ಗ ತಾಲೂಕಿನ ಹಿರಿಯ ರೈತರೊಬ್ಬರು ಹತ್ತಿ ಬೆಳೆಗೆ ವಿಮೆ ತುಂಬಲು ಕಡೆಯ ದಿನ ಯಾವುದೆಂದು ಕೇಳಲು ರೈತ ಸಂಪರ್ಕ ಕೇಂದ್ರಕ್ಕೆ ಬಂದಿದ್ದರು. ದಿನ ಹೇಳಿದೆ. ಅವರು ಎದ್ದು ಹೋಗಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೇಳಿದರು:

"ಸಾಹೇಬ್ರ, ರಾಯಚೂರಾಗ ಮಗ ಒಂದು ಮನಿ ತಗೊಂಡಾನ. ಎರಡು ಎಕರೆ ಹೊಲ ಮಾರೀವಿ, ಸಾಲದ್ದಕ್ಕ ಬ್ಯಾಂಕಿನಾಗ ಸಾಲ ಮಾಡೀವಿ. ಹತ್ತಿಗಿ ವಿಮಾ ಮಾಡಸ್ರಿ ಅಂತ ವರ್ಷಾ ವರ್ಷಾ ಹೇಳ್ತೀರಿ. ಆ ಮನಿಗಿ ಏನೂ ಬ್ಯಾಡೇನು?"

"ಬ್ಯಾಂಕಿನವರು ಮಾಡಿಸಿರ್ತಾರ ತಗೋರಿ ಯಜಮಾನ್ರ" ಎಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಏಕೆಂದರೆ ಇದೇ ಮಾತನ್ನು ನಂಬಿ ನಾನು ಸ್ವತಃ ಕೈ ಸುಟ್ಟುಕೊಂಡವನು.

ನನ್ನ ಕಥೆ ದೊಡ್ಡದಲ್ಲ. ಕೆಲವು ವರ್ಷಗಳ ಹಿಂದೆ ರಾಯಚೂರಿನಲ್ಲಿ ಎರಡು ಕೋಣೆಯ ಒಂದು ಮನೆ ಕೊಂಡೆ. ನಮ್ಮ ಮನೆತನದಲ್ಲಿ ಪಟ್ಟಣದಲ್ಲಿ ಮನೆ ಕಂಡವನು ನಾನೇ ಮೊದಲಿಗ. ಸಾಲದ ಕಾಗದಗಳಿಗೆ ಸಹಿ ಹಾಕುವಾಗ ಅಲ್ಲಿಯ ಗುಮಾಸ್ತರು, "ಇದು ಇನ್ಶೂರೆನ್ಸಿಂದು, ಇಲ್ಲೊಂದು ಸಹಿ ಮಾಡ್ರಿ" ಎಂದರು. ಮಾಡಿದೆ. ಹಣವನ್ನು ಸಾಲದಲ್ಲಿಯೇ ಮುರಿದುಕೊಂಡರು. ಮನೆಗೆ ವಿಮೆ ಆಯಿತೆಂದು ನಿಶ್ಚಿಂತನಾದೆ. ಮೂರನೆಯ ವರ್ಷದ ಮೇ ತಿಂಗಳಲ್ಲಿ ಬಿರುಗಾಳಿ ಎದ್ದು, ಮೇಲಿನ ತಗಡಿನ ಛಾವಣಿ ಹಾರಿ, ನೀರಿನ ಟಾಕಿ ಉರುಳಿ ಕೈಪಿಡಿ ಗೋಡೆ ಕುಸಿಯಿತು. ಕಾಗದ ಹಿಡಿದುಕೊಂಡು ಹೋದೆ. ಅವರು ಓದಿ ನೋಡಿ ಹೇಳಿದರು: "ಇದು ನಿಮ್ಮ ಜೀವಕ್ಕ ಮಾಡಿದ್ದು ಸರ್. ಸಾಲ ತೀರೋದ್ರೊಳಗ ನಿಮಗ ಏನಾರ ಆದ್ರ ಸಾಲ ಇದರಾಗ ಮುಟ್ಟತದ. ಮನಿಗಿ ಸಂಬಂಧ ಇಲ್ಲ." ಊರೂರಿಗೆ ಹೋಗಿ ವಿಮೆಯ ಉಪದೇಶ ಮಾಡುವವನು ತನ್ನ ಕಾಗದವನ್ನೇ ಓದಿರಲಿಲ್ಲ. ರಿಪೇರಿಯ ಹಣ ಕೈಯಿಂದ ಹೋಯಿತು.

ಆದ್ದರಿಂದ ಮೊಟ್ಟಮೊದಲು ಹೇಳಬೇಕಾದದ್ದು ಇದು. ಮನೆಯ ಸಾಲದ ಜೊತೆಯಲ್ಲಿ ಎರಡು ಬಗೆಯ ವಿಮೆ ಬರುತ್ತವೆ. ಒಂದು ಸಾಲಗಾರನ ಜೀವದ ಮೇಲೆ ಮಾಡುವುದು. ಇನ್ನೊಂದು ಮನೆಯ ಗೋಡೆ, ಛಾವಣಿಗಳ ಮೇಲೆ ಮಾಡುವುದು. ಮೊದಲನೆಯದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ದುಡಿಯುವವನೊಬ್ಬನೇ ಇರುವ ಸಂಸಾರಕ್ಕೆ ಅದೂ ಬೇಕು. ಆದರೆ ಒಂದು ಇನ್ನೊಂದರ ಕೆಲಸ ಮಾಡದು. ಎತ್ತಿಗೆ ವಿಮೆ ಮಾಡಿಸಿ ಬಂಡಿ ಮುರಿದಾಗ ಹಣ ಕೇಳಿದರೆ ಕೊಡುವರೇ? ಈ ಹೊತ್ತು ಮನೆಗೆ ಹೋದವರೇ ಆ ಕಾಗದ ತೆಗೆಯಿರಿ. ಕನ್ನಡಕ ಇಲ್ಲವಾದರೆ ಶಾಲೆಗೆ ಹೋಗುವ ಮಗಳ ಕೈಲಿ ಓದಿಸಿರಿ. ವಿಮೆ ಯಾವುದಕ್ಕೆ ಎಂಬಲ್ಲಿ ಮನೆಯ ವಿಳಾಸವೂ ಕಟ್ಟಡದ ಮೊತ್ತವೂ ಬರೆದಿದ್ದರೆ ಅದು ಮನೆಯದು. ಮಗನ ಹೆಸರು, ವಯಸ್ಸು, ನಾಮಿನಿ ಇಷ್ಟೇ ಇದ್ದರೆ ಅದು ಜೀವದ್ದು.

ಬ್ಯಾಂಕಿನವರು ಮನೆಗೆ ವಿಮೆ ಇರಲೇಬೇಕೆಂದು ತಮ್ಮ ಕರಾರಿನಲ್ಲಿ ಬರೆದಿರಬಹುದು. ತಾವು ತೋರಿಸಿದ ಕಂಪನಿಯಲ್ಲಿಯೇ ಮಾಡಿಸಬೇಕೆಂಬ ಕಟ್ಟಳೆ ಇಲ್ಲ. ನಾಲ್ಕು ಸರ್ಕಾರಿ ಕಂಪನಿಗಳುಂಟು: ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯೆಂಟಲ್, ನ್ಯಾಷನಲ್. ಖಾಸಗಿಯವೂ ಅನೇಕ. ಎರಡು ಕಡೆ ದರ ಕೇಳಿ ಮಾಡಿಸಿರಿ. ಸಾಲ ಇರುವ ತನಕ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಸೇರುತ್ತದೆ, ಪರಿಹಾರದ ಹಣದ ಮೇಲೆ ಮೊದಲ ಹಕ್ಕು ಬ್ಯಾಂಕಿನದೇ. ಇದನ್ನು ಮೊದಲೇ ತಿಳಿದಿದ್ದರೆ ಆಮೇಲೆ ಜಗಳವಿಲ್ಲ.

ಇನ್ನು ವಿಮೆ ಏತಕ್ಕೆ ಬೇಕು? ನಮ್ಮ ಜಿಲ್ಲೆ ಒಣ ಜಿಲ್ಲೆ, ಮಳೆಯೇ ಬಾರದ ಕಡೆ ಮನೆ ಬೀಳುವ ಭಯವೆಲ್ಲಿ ಎನ್ನುವವರಿದ್ದಾರೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲನ್ನು ಮರೆತವರು ಹೀಗೆ ಹೇಳುತ್ತಾರೆ. ಆ ಸಲ ಹಗಲೂ ರಾತ್ರಿ ಹಿಡಿದ ಮಳೆಗೆ ಮಾನ್ವಿಯ ಕಡೆಯ ಮಣ್ಣಿನ ಮಾಳಿಗೆಗಳು ನೆನೆದು ಕುಳಿತವು; ತುಂಗಭದ್ರೆ ಉಕ್ಕಿ ಆಚೆ ದಡದ ಮಂತ್ರಾಲಯವೇ ನೀರಿನಲ್ಲಿ ನಿಂತಿತು. ನದಿದಂಡೆಯ ಹಳ್ಳಿಗಳವರಿಗೆ ಆಸರೆ ಯೋಜನೆಯಲ್ಲಿ ಬೇರೆ ಕಡೆ ಮನೆ ಕಟ್ಟಿಕೊಡಬೇಕಾಯಿತು. 2019ರ ಆಗಸ್ಟಿನಲ್ಲಿ ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರಿಗೆ ಕೃಷ್ಣೆ ತುಂಬಿ ದೇವದುರ್ಗ ತಾಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿದ್ದನ್ನು ಕಂಡವರು ನಿಮ್ಮಲ್ಲಿಯೇ ಇದ್ದೀರಿ. ಇದು ನೀರಿನ ಮಾತು. ಬೇಸಿಗೆಯ ಗಾಳಿ, ಸಿಡಿಲು, ಬೆಂಕಿಗಳಿಗೆ ಹೊಳೆಯ ದಂಡೆಯೇ ಆಗಬೇಕೆಂದಿಲ್ಲ. ಭೂಮಿ ನಡುಗುವುದಂತೂ ನಮ್ಮ ಕಡೆ ಇಲ್ಲವೆಂದು ಧೈರ್ಯ ಪಡುವವರಿಗೆ ಕಿಲ್ಲಾರಿಯ ಹೆಸರು ಹೇಳುತ್ತೇನೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರು ಜಿಲ್ಲೆಯ ಆ ಊರಿನ ಸುತ್ತ ಸಾವಿರಾರು ಜನ ಸತ್ತದ್ದು ಕಲ್ಲುಮಣ್ಣಿನ ದಪ್ಪ ಗೋಡೆಗಳ ಕೆಳಗೆ. ಆಗಿನ ಸರ್ಕಾರಿ ನಕಾಶೆಯಲ್ಲಿ ಆ ಸೀಮೆ ಭೂಕಂಪದ ಭಯ ಎಲ್ಲಕ್ಕಿಂತ ಕಡಿಮೆ ಇರುವ ವಲಯದಲ್ಲಿತ್ತು.

ಸರ್ಕಾರ ಪರಿಹಾರ ಕೊಡುವುದಿಲ್ಲವೇ ಎನ್ನುವಿರಿ. ಕೊಡುತ್ತದೆ. 2019ರ ನೆರೆಯಲ್ಲಿ ಪೂರ್ಣ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಎಂದು ಘೋಷಿಸಿತ್ತು. ಅದು ಆ ವರ್ಷದ ವಿಶೇಷ ತೀರ್ಮಾನ. ವಿಪತ್ತು ಪರಿಹಾರ ನಿಧಿಗೆ 2022ರಲ್ಲಿ ಗೊತ್ತುಮಾಡಿದ ದರ ಬಯಲುಸೀಮೆಯಲ್ಲಿ ಪೂರ್ಣ ಹಾಳಾದ ಮನೆಗೆ 1 ಲಕ್ಷ 20 ಸಾವಿರ. ಈ ಹಣದಲ್ಲಿ ಈಗಿನ ಸಿಮೆಂಟು, ಕಬ್ಬಿಣದ ಬೆಲೆಗೆ ಬುನಾದಿ ಎದ್ದೀತು, ಮನೆ ಏಳಲಾರದು. ಹೊಲ ಮಾರಿ ಕೊಂಡ ಮನೆ ಬಿದ್ದರೆ ಸಾಲದ ಕಂತೇನೂ ನಿಲ್ಲುವುದಿಲ್ಲ. ಮಾರಿದ ಎರಡು ಎಕರೆಯೂ ಹಿಂದಕ್ಕೆ ಬಾರದು.

ನಿಮಗೆ ಬೆಳೆ ವಿಮೆ ಗೊತ್ತು. 2016ರ ಮುಂಗಾರಿನಿಂದ ಫಸಲ್ ಬಿಮಾ ಬಂದಿದೆ. ಮುಂಗಾರಿ ಆಹಾರ ಬೆಳೆಗೆ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ಹತ್ತಿಯಂಥ ವಾಣಿಜ್ಯ ಬೆಳೆಗೆ 5 ರೂಪಾಯಿ ನಿಮ್ಮದು, ಉಳಿದದ್ದು ಸರ್ಕಾರದ್ದು. ನಿಮ್ಮ ಹೊಲದ ಬೆಳೆ ಪೂರಾ ಹೋಗಿ ಪಂಚಾಯಿತಿಯ ಸರಾಸರಿ ಇಳುವರಿ ಚೆನ್ನಾಗಿ ಬಂದರೆ ಹಣ ಬಾರದೆ ಇರುವುದೂ ಉಂಟು, ಅದಕ್ಕೆ ನೀವು ನಮ್ಮನ್ನು ಬೈಯುವುದೂ ಉಂಟು. ಮನೆಯ ವಿಮೆ ಹಾಗಲ್ಲ. ಅದರಲ್ಲಿ ಸರ್ಕಾರದ ಪಾಲು ಇಲ್ಲ, ಪೂರಾ ಹಣ ನಿಮ್ಮದೇ. ಆದರೆ ಪಕ್ಕದ ಮನೆ ನಿಂತಿದ್ದರೂ ನಿಮ್ಮ ಮನೆ ಬಿದ್ದರೆ ನಿಮ್ಮ ಮನೆಯನ್ನೇ ನೋಡಿ ಲೆಕ್ಕ ಮಾಡುತ್ತಾರೆ.

2021ರ ಏಪ್ರಿಲ್ 1ರಿಂದ ದೇಶದ ಎಲ್ಲ ಕಂಪನಿಗಳೂ ಮನೆಗೆ ಒಂದೇ ನಮೂನೆಯ ಪಾಲಿಸಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತುಪಡಿಸಿತು. ಅದರ ಹೆಸರು ಭಾರತ್ ಗೃಹ ರಕ್ಷಾ. ಹೆಸರು ಬಾಯಿಪಾಠ ಮಾಡಿಕೊಳ್ಳಿರಿ. ಯಾವ ಕಂಪನಿಗೆ ಹೋದರೂ ಈ ಹೆಸರು ಹೇಳಿ ಕೇಳಿದರೆ ಸಾಕು. ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ನೆರೆ, ನೀರು ನುಗ್ಗುವುದು, ಭೂಕುಸಿತ, ವಾಹನ ಬಂದು ಗುದ್ದುವುದು, ಗಲಭೆ, ನೀರಿನ ಟಾಕಿ ಒಡೆಯುವುದು, ಇವೆಲ್ಲ ಅದರಲ್ಲಿ ಸೇರಿವೆ. ಹಾನಿಯಿಂದ ಮನೆ ವಾಸಕ್ಕೆ ಬಾರದಂತಾದರೆ ಬೇರೆ ಕಡೆ ಬಾಡಿಗೆಗೆ ಇರುವ ಖರ್ಚೂ ಸೇರುತ್ತದೆ. ಒಂದೇ ಸಲಕ್ಕೆ 10 ವರ್ಷದವರೆಗೆ ಮಾಡಿಸಬಹುದು.

ಎಷ್ಟು ಮೊತ್ತಕ್ಕೆ ಮಾಡಿಸಬೇಕು? ಇಲ್ಲಿ ಹೊಸಬರು ತಪ್ಪುತ್ತಾರೆ. ನಮ್ಮ ಯಜಮಾನರು, "ಮೂವತ್ತು ಲಕ್ಷ ಕೊಟ್ಟೀವಿ, ಮೂವತ್ತು ಲಕ್ಷಕ್ಕ ಮಾಡಸ್ತೀನಿ" ಎಂದರು. ಆ ಮೂವತ್ತರಲ್ಲಿ ಜಾಗದ ಬೆಲೆಯೂ ಇದೆಯಷ್ಟೆ? ಮನೆ ಬಿದ್ದರೂ ಜಾಗ ಎಲ್ಲಿಗೂ ಹೋಗುವುದಿಲ್ಲ. ಜಾಗಕ್ಕೆ ವಿಮೆ ಇಲ್ಲ. ಅದೇ ಮನೆಯನ್ನು ಈ ಹೊತ್ತಿನ ದರದಲ್ಲಿ ಮತ್ತೆ ಕಟ್ಟಲು ಏನು ಬೀಳುವುದೋ ಅದೇ ಮೊತ್ತ. ಗೋಡೆಗಳ ಒಳಗಿನ ಅಳತೆ 900 ಚದರಡಿ ಎಂದುಕೊಳ್ಳಿ. ನಿಮ್ಮೂರ ಗೌಂಡಿ ಮೇಸ್ತ್ರಿ ಚದರಡಿಗೆ 1,600 ರೂಪಾಯಿ ಎಂದರೆ 14 ಲಕ್ಷ 40 ಸಾವಿರ ಆಯಿತು. ಕಟ್ಟಡಕ್ಕೆ ಇಷ್ಟು ಮಾಡಿಸಿದರೆ ಒಳಗಿನ ಸಾಮಾನಿಗೆ ಅದರ ನೂರಕ್ಕೆ 20ರಷ್ಟು, ಅಂದರೆ 2 ಲಕ್ಷ 88 ಸಾವಿರ, ತಾನಾಗಿಯೇ ಸೇರುತ್ತದೆ. ಈ ಲೆಕ್ಕಕ್ಕೆ 10 ಲಕ್ಷದ ಮಿತಿ ಉಂಟು. ಮೊತ್ತ ಸ್ವಲ್ಪ ಕಡಿಮೆ ಬರೆಸಿದ್ದೀರೆಂಬ ನೆಪದಿಂದ ಈ ಪಾಲಿಸಿಯಲ್ಲಿ ಪರಿಹಾರ ಕತ್ತರಿಸುವಂತಿಲ್ಲ, ಇದು ಒಳ್ಳೆಯ ಅಂಶ. ಆದರೆ ಬರೆಸಿದ್ದಕ್ಕಿಂತ ಹೆಚ್ಚು ಕೊಡುವುದಿಲ್ಲ. ಕಂತು ಇಂಥ ಮನೆಗೆ ವರ್ಷಕ್ಕೆ ಸಾವಿರಗಳ ಲೆಕ್ಕದಲ್ಲಿ ಅಲ್ಲ, ನೂರುಗಳ ಲೆಕ್ಕದಲ್ಲಿ ಬೀಳುವಂಥದು, ಮೇಲೆ ಜಿಎಸ್‌ಟಿ. ಹತ್ತಿಗೆ ಒಂದು ಸಲ ಔಷಧ ಹೊಡೆಯುವ ಖರ್ಚನ್ನು ನೀವೇ ಲೆಕ್ಕ ಹಾಕಿ ನೋಡಿರಿ.

ಈಗ ಏನೇನು ಸಿಗುವುದಿಲ್ಲ ಎಂಬುದಕ್ಕೆ ಬರುತ್ತೇನೆ. ಏಜೆಂಟರು ಇದನ್ನು ಮೆಲ್ಲಗೆ ಹೇಳುತ್ತಾರೆ, ನಾನು ಗಟ್ಟಿಯಾಗಿ ಹೇಳುತ್ತೇನೆ.

ನಮ್ಮ ಕಡೆ ಎಲ್ಲಕ್ಕಿಂತ ಮುಖ್ಯವಾದದ್ದು ಎರೆಭೂಮಿ. ಮಣ್ಣಿನ ಮಾತಾದ್ದರಿಂದ ನನ್ನ ಕಸುಬಿಗೂ ಸೇರಿದ್ದು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಹೊಲದಲ್ಲಿ ಅದು ವರ, ಬಿರುಕಿನೊಳಗೆ ಮಳೆನೀರು ಇಳಿದು ಹಿಂಗಾರಿ ಜೋಳಕ್ಕೆ ತೇವ ಉಳಿಯುತ್ತದೆ. ಮನೆಯ ಕೆಳಗೆ ಅದೇ ಶತ್ರು. ಬುನಾದಿ ಮೇಲೆಯೇ ನಿಂತಿದ್ದರೆ ವರ್ಷಕ್ಕೊಮ್ಮೆ ಮನೆ ಎದ್ದು ಕೂರುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಬರುತ್ತದೆ, ಬಾಗಿಲು ಚೌಕಟ್ಟಿಗೆ ಕೂಡುವುದಿಲ್ಲ. ಈ ಸೀಳಿಗೆ ವಿಮೆಯ ಹಣ ಸಿಗದು. ಹೊಸ ಕಟ್ಟಡ ಕುಳಿತುಕೊಳ್ಳುವುದು, ತುಂಬಿಸಿದ ನೆಲ ಕುಸಿಯುವುದು, ಕೆಲಸದ ದೋಷ, ಹೊಳೆ ದಂಡೆಯ ಕೊರೆತ ಇವನ್ನು ಪಾಲಿಸಿ ಹೊರಗಿಟ್ಟಿದೆ. ರಾಯಚೂರಿನ ಸುತ್ತ, ಮಾನ್ವಿಯ ಸುತ್ತ ಎಷ್ಟು ಹೊಲಗದ್ದೆಗಳು ಎನ್‌ಎ ಆಗಿ ಸೈಟುಗಳಾಗಿವೆ ನೋಡಿರಿ. ಹತ್ತು ವರ್ಷದ ಹಿಂದೆ ಕಾಲುವೆ ನೀರು ನಿಂತು ಭತ್ತ ಬೆಳೆದ ಗದ್ದೆಯ ಮೇಲೆ ಎರಡು ಅಡಿ ಮೊರಂ ಸುರಿದು ಮನೆ ಎಬ್ಬಿಸಿದರೆ, ಕಾಗದದಲ್ಲಿ ಅದು ಬಡಾವಣೆ, ಕೆಳಗೆ ಗದ್ದೆಯೇ. ಕೊಳ್ಳುವ ಮುಂಚೆ ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಹೋಗಿ ನೋಡಿರಿ. ಸುಣ್ಣ ಬಣ್ಣ ಹೊಸದಾಗಿ ಬಳಿದಿದ್ದರೆ ಇನ್ನೂ ಹತ್ತಿರ ಹೋಗಿ ನೋಡಿರಿ. ಸೀಳಿನಲ್ಲಿ ರೂಪಾಯಿ ಬಿಲ್ಲೆ ನಿಂತರೆ ಸುಮ್ಮನೆ ಎದ್ದು ಬರಬಹುದು. ಕಟ್ಟುವವರಾದರೆ ಎರೆಪದರ ದಾಟಿ ಗಟ್ಟಿ ಮೊರಂ ಸಿಗುವ ತನಕ ಅಗೆಯಿರಿ, ಬುನಾದಿಯ ಮೇಲೆ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ ಕಟ್ಟಿರಿ, ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗದಂತೆ ಮಾಡಿರಿ. ವಿಮೆಯವರು ಕೊಡದ್ದನ್ನು ಬುನಾದಿಯಲ್ಲಿಯೇ ಉಳಿಸಿಕೊಳ್ಳಬೇಕು.

ಗೆದ್ದಲು, ಒಸರು, ಹಳತಾಗಿ ಸವೆಯುವುದು ಇವಕ್ಕೂ ಇಲ್ಲ. ಕರೆಂಟು ಏರಿಳಿದು ಟಿವಿ ಸುಟ್ಟರೆ ಟಿವಿಗೆ ಇಲ್ಲ. ಆ ಕಿಡಿಯಿಂದ ಬೆಂಕಿ ಹತ್ತಿ ಮನೆ ಸುಟ್ಟರೆ ಮನೆಗೆ ಉಂಟು. ಕಳ್ಳತನದ ಮಾತು ಗಮನಿಸಿರಿ. ನೆರೆಯೋ ಬೆಂಕಿಯೋ ಆಗಿ ಮನೆ ತೆರೆದುಬಿದ್ದಾಗ 7 ದಿನದೊಳಗೆ ಆದ ಕಳವು ಮಾತ್ರ ಸೇರುತ್ತದೆ. ಸಾಧಾರಣ ಕಳ್ಳತನಕ್ಕೆ ಬೇರೆಯಾಗಿ ಸೇರಿಸಿಕೊಳ್ಳಬೇಕು. ಅಕ್ಕಂದಿರೇ, ಬಂಗಾರ ಮನೆಸಾಮಾನಿನ ಲೆಕ್ಕದಲ್ಲಿ ಬರುವುದಿಲ್ಲ, ಅದನ್ನು ಪಟ್ಟಿ ಮಾಡಿ, ಹೆಚ್ಚಿನ ಕಂತು ಕಟ್ಟಿ ಸೇರಿಸಬೇಕಾಗುತ್ತದೆ.

ಮತ್ತೊಂದು, ಹತ್ತಿ. ದರ ಏರಲಿ ಎಂದು ಹತ್ತಿಯನ್ನು ಪಡಸಾಲೆಯ ತುಂಬ, ಛಾವಣಿ ಮುಟ್ಟುವ ತನಕ ತುಂಬಿಟ್ಟು, ಅದರ ಪಕ್ಕದಲ್ಲಿಯೇ ಒಲೆ ಹಚ್ಚುವ ಮನೆಗಳನ್ನು ದೇವದುರ್ಗದ ಕಡೆ ನಾನೇ ಕಂಡಿದ್ದೇನೆ. ಮಾರಾಟಕ್ಕೆ ಇಟ್ಟ ಮಾಲು ಮನೆಸಾಮಾನಲ್ಲ. ಅದು ಸುಟ್ಟರೆ ಈ ಪಾಲಿಸಿಯನ್ನು ನಂಬಬೇಡಿರಿ. ಇಡಲೇಬೇಕಾದರೆ ಕಂಪನಿಗೆ ಮೊದಲೇ ತಿಳಿಸಿ ಬೇರೆ ವಿಮೆ ಕೇಳಿರಿ, ಒಲೆಯನ್ನಾದರೂ ದೂರ ಮಾಡಿರಿ. ಗ್ಯಾಸಿನ ವಿಷಯ ಬಂತೆಂದು ಹೇಳುತ್ತೇನೆ: ಸಿಲಿಂಡರಿನ ಅಪಘಾತಕ್ಕೆ ತೈಲ ಕಂಪನಿಗಳೇ ಗ್ರಾಹಕರ ಪರವಾಗಿ ವಿಮೆ ಮಾಡಿಸಿರುತ್ತವೆ, ಕಂತು ನೀವು ಕಟ್ಟಬೇಕಿಲ್ಲ. ಅಪಘಾತವಾದರೆ ವಿತರಕರಿಗೆ ಬರಹದಲ್ಲಿ ತಿಳಿಸಬೇಕು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಗುಳೆ ಹೋಗುವವರಿಗೆ ಒಂದು ಮಾತು. ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ ಬೆಂಗಳೂರು, ಪುಣೆಗಳಿಗೆ ಹೊರಡುವವರು ನಮ್ಮ ಎರಡೂ ತಾಲೂಕುಗಳಲ್ಲಿ ಬಹಳ. ತಿಂಗಳಿಗಿಂತ ಹೆಚ್ಚು ಮನೆ ಖಾಲಿ ಇರುವುದಾದರೆ ಕಂಪನಿಗೆ ಬರೆದು ತಿಳಿಸಿ, ಮುಟ್ಟಿತೆಂಬ ಉತ್ತರ ಇಟ್ಟುಕೊಂಡು ಹೋಗಿರಿ. ಆಮೇಲೆ ಯಾರೂ ತಕರಾರು ತೆಗೆಯುವಂತಿರಬಾರದು.

ಹೆಸರಿನ ವಿಷಯ. ಮನೆ ಯಾರ ಹೆಸರಿನಲ್ಲಿದೆಯೋ ಪಾಲಿಸಿ ಅವರ ಹೆಸರಿನಲ್ಲಿರಬೇಕು. ಮಾರಿದವರ ಹಳೆಯ ಪಾಲಿಸಿ ಮನೆಯ ಜೊತೆಗೆ ತಾನಾಗಿ ನಿಮಗೆ ಬರುವುದಿಲ್ಲ. ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿಯೇ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಿರಿ. ಹಳ್ಳಿಯಲ್ಲಿ ಇ-ಸ್ವತ್ತಿನ 9 ಮತ್ತು 11ರ ನಮೂನೆ, ಪಟ್ಟಣದಲ್ಲಿ ಇ-ಖಾತೆ ಪಡೆಯಿರಿ. ಕಂದಾಯದ ರಸೀದಿ, ನೋಂದಣಿ ಪತ್ರ, ಪಾಲಿಸಿ ಇವುಗಳ ಒಂದೊಂದು ನಕಲನ್ನು ಬೇರೊಂದು ಮನೆಯಲ್ಲಿ ಇಡಿರಿ. ಮನೆಯ ಕಾಗದವೆಲ್ಲ ಮನೆಯೊಳಗೇ ಇದ್ದು ಮನೆಯೇ ಸುಟ್ಟರೆ ತೋರಿಸುವುದೇನನ್ನು? ಪಾಲಿಸಿ ಬಂದ ದಿನವೇ ಪ್ರತಿ ಕೋಣೆಯದೂ ಫೋಟೋ ತೆಗೆದು ಮಗನ ಮೊಬೈಲಿಗೂ ಸೊಸೆಯ ಮೊಬೈಲಿಗೂ ಕಳಿಸಿರಿ.

ಹಾನಿ ಆದಾಗ ಮೊದಲು ಜೀವ, ದನಕರು. ಆ ದಿನವೇ ಕಂಪನಿಗೆ ಫೋನು ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿರಿ. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ, ನೆರೆಯಾದರೆ ಗ್ರಾಮ ಆಡಳಿತಾಧಿಕಾರಿಯವರ ಪಂಚನಾಮೆ ಪಡೆಯಿರಿ. ಮಣ್ಣು ಕಲ್ಲು ಎತ್ತಿ ಹಾಕುವ ಮುಂಚೆ ಫೋಟೋ ತೆಗೆಯಿರಿ, ಸರ್ವೇಯರು ನೋಡುವ ತನಕ ಬಿದ್ದದ್ದನ್ನು ಸಾಗಿಸಬೇಡಿರಿ. ಆದರೆ ಇನ್ನಷ್ಟು ಹಾಳಾಗದಂತೆ ತಾಡಪತ್ರಿ ಹೊದಿಸುವುದು ನಿಮ್ಮ ಕರ್ತವ್ಯವೇ. ಸರ್ವೇಯರರ ಖರ್ಚು ಕಂಪನಿಯದು, ಅವರಿಗೆ ನೀವು ಚಹಾ ಕೊಟ್ಟರೆ ಸಾಕು. ಕಂಪನಿ ಒಲ್ಲೆನೆಂದರೆ ಕಾರಣ ಬರಹದಲ್ಲಿ ಕೇಳಿರಿ. 155255 ಎಂಬ ಸಂಖ್ಯೆಗೆ ಫೋನು ಮಾಡಿ ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ; ವಕೀಲರೂ ಬೇಡ, ಶುಲ್ಕವೂ ಇಲ್ಲ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಬರೆಯಬೇಕು.

ನಮ್ಮ ಯಜಮಾನರ ಕಥೆ ಮುಗಿಸುತ್ತೇನೆ. ಮರುವಾರ ಕಾಗದ ತಂದರು. ನೋಡಿದರೆ ಅದೂ ಮಗನ ಜೀವದ್ದೇ. ಮಗ ರಾಯಚೂರಿನಲ್ಲಿ ಮನೆಗೆ ಬೇರೆ ಪಾಲಿಸಿ ಮಾಡಿಸಿದ. ಅದಾದ ಮೇಲೆ ಅವರು ಹಳ್ಳಿಯ ಹಳೆಯ ಮಾಳಿಗೆ ಮನೆಗೂ ಆಗುತ್ತದೆಯೇ ಎಂದು ಕೇಳಿದರು. ಕಚೇರಿಯ ಅರ್ಜಿಯಲ್ಲಿ ಗೋಡೆ ಯಾವುದರದು, ಛಾವಣಿ ಯಾವುದರದು ಎಂದು ಕೇಳಿದ್ದರು.

"ಮಣ್ಣಂತ ಬರದ್ರ ಕೊಡಾಂಗಿಲ್ಲ, ಆರ್‌ಸಿಸಿ ಅಂತ ಬರೀತೀನಿ" ಎಂದ ಮಗ.

"ಲೇ ತಮ್ಮಾ, ಇದ್ದದ್ದು ಬರಿ. ನಾಳೆ ಬಂದು ನೋಡಾವರು ಅವರ ಅಲ್ಲೇನು?" ಎಂದರು ಯಜಮಾನರು. ಸುಳ್ಳು ಬರೆದ ಅರ್ಜಿಯ ಮೇಲೆ ಕೊಟ್ಟ ಪಾಲಿಸಿ ಬೇಕಾದ ದಿನ ಕೆಲಸಕ್ಕೆ ಬರುವುದಿಲ್ಲ. ಮಣ್ಣಿನದೆಂದೇ ಬರೆಸಿದರು. ಕಂಪನಿಯವರು ಬಂದು ನೋಡಿಕೊಂಡು ಹೋಗಿದ್ದಾರೆ, ದರ ಇನ್ನೂ ತಿಳಿಸಿಲ್ಲ. ಅಷ್ಟರೊಳಗೆ ಯಜಮಾನರು ಹಳ್ಳದಿಂದ ಎರಡು ಟ್ರಾಲಿ ಸವಳು ಮಣ್ಣು ತರಿಸಿ ಮಾಳಿಗೆಯ ಮೇಲೆ ಹಾಕಿಸಿದ್ದಾರೆ.

ಮುಂದಿನ ವಾರ ತೊಗರಿಯ ಕಾಯಿಕೊರಕದ ಬಗ್ಗೆ ಮಾತಾಡೋಣ.